ಕೀವಿನ ರಿಪೋರ್ಟ್‌ನಲ್ಲಿ ಇಷ್ಟೊಂದು ‘ಆರ್’ ಯಾಕೆ?

ಪ್ರಶ್ನೆ: ನಮ್ಮ ಅವ್ವನಿಗೆ 58 ವರ್ಷ, ಶುಗರ್ ಇದೆ. ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಆಯಿತು. ಒಂಬತ್ತನೇ ದಿನ ಹೊಲಿಗೆ ಕೆಂಪಾಗಿ, ಕಂಕುಳ ಕಡೆಯ ತುದಿಯಲ್ಲಿ ಕೀವು ಬಂತು. ಡಾಕ್ಟರು ಎರಡು ಹೊಲಿಗೆ ಬಿಚ್ಚಿ ಕೀವು ತೆಗೆದು ಕಲ್ಚರ್‌ಗೆ ಕಳಿಸಿದರು. ಮಾತ್ರೆ ಕೊಟ್ಟು, ಮೂರು ದಿನ ಕಳೆದ ಮೇಲೆ ಬೇರೆ ಬರೆದರು. ಕೀಮೋ ಎರಡು ವಾರ ಮುಂದೆ ಹೋಗಿದೆ. ರಿಪೋರ್ಟ್‌ನಲ್ಲಿ ‘ಎಂಆರ್‌ಎಸ್‌ಎ’ ಅಂತಿದೆ, ಔಷಧಿಗಳ ಮುಂದೆ ಸಾಲಾಗಿ ‘ಆರ್’. ಕ್ಯಾನ್ಸರೇ ಕೀವಾಗಿ ಬರುತ್ತಿದೆ ಅನ್ನುತ್ತಾರೆ ನೆಂಟರು. ತಪ್ಪು ಯಾರದು ಮೇಡಂ?
– ಓದುಗರು, ರಾಣೆಬೆನ್ನೂರು

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ನಾನು ಮೈಕ್ರೊಬಯಾಲಜಿ ಲ್ಯಾಬಿನವಳು. 22 ವರ್ಷದಿಂದ ಜನರ ಮುಖಕ್ಕಿಂತ ಅವರ ಕೀವನ್ನೇ ಜಾಸ್ತಿ ನೋಡಿದ್ದೇನೆ. ಗಾಯ ನೋಡಿ ಹೇಳಬೇಕಾದದ್ದು ನಿಮ್ಮ ಸರ್ಜನ್ನರು. ರಿಪೋರ್ಟ್ ಓದುವುದು ಮಾತ್ರ ನನ್ನ ಕೆಲಸ.

ಕೀವು ಅಂದರೆ ಕ್ಯಾನ್ಸರ್ ಅಲ್ಲ. ಬ್ಯಾಕ್ಟೀರಿಯಾ ಜೊತೆ ಹೊಡೆದಾಡಿ ಸತ್ತ ಬಿಳಿ ರಕ್ತಕಣಗಳ ರಾಶಿ ಅದು. ಒಂದು ಲೆಕ್ಕಕ್ಕೆ, ಅವ್ವನ ಮೈಯಲ್ಲಿ ಇನ್ನೂ ಕಾವಲಿನವರು ಇದ್ದಾರೆ ಅಂತ ಅರ್ಥ. ಕೀಮೋ ಕೊಟ್ಟರೆ ಅದೇ ಕಣಗಳು ಇಳಿಯುತ್ತವೆ. ಆಗ ಗಾಯದಲ್ಲಿ ಸೋಂಕು ಇದ್ದರೂ ಕೀವೇ ಕಾಣದೆ ಹೋಗಬಹುದು. ಡಾಕ್ಟರು ಕೀಮೋ ಮುಂದೂಡಿದ್ದು ಇದಕ್ಕೇ. ಎರಡು ವಾರ ಹೋಯಿತಲ್ಲ ಅಂತ ಮನಸ್ಸು ಸಣ್ಣದು ಮಾಡಿಕೊಳ್ಳಬೇಡಿ.

ಇನ್ನು ಮಾತ್ರೆ ಬದಲಾದದ್ದು. ಕೀವು ಬಂದ ದಿನ ನಾವು ಅದನ್ನು ಕುರಿಯ ರಕ್ತ ಬೆರೆಸಿದ ಅಗರ್ ಎಂಬ ಜೆಲ್ಲಿಯ ತಟ್ಟೆಯ ಮೇಲೆ ಎಳೆದು, 37 ಡಿಗ್ರಿ ಪೆಟ್ಟಿಗೆಯಲ್ಲಿ ರಾತ್ರಿಯಿಡೀ ಇಡುತ್ತೇವೆ. ಬೆಳಿಗ್ಗೆ ಗುಂಡುಸೂಜಿ ತಲೆಯಷ್ಟು ಹೊಂಬಣ್ಣದ ಚುಕ್ಕೆಗಳು ಎದ್ದಿದ್ದರೆ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಇರಬಹುದು ಅಂದುಕೊಳ್ಳುತ್ತೇವೆ. ಆರಿಯಸ್ ಅಂದರೆ ಲ್ಯಾಟಿನ್‌ನಲ್ಲಿ ಚಿನ್ನದ್ದು! ಆಮೇಲೆ ಇನ್ನೊಂದು ತಟ್ಟೆಯಲ್ಲಿ ಅದನ್ನೇ ಹರಡಿ, ಔಷಧಿ ಹೀರಿದ ಕಾಗದದ ಬಿಲ್ಲೆಗಳನ್ನು ಇಡುತ್ತೇವೆ. ಮತ್ತೊಂದು ರಾತ್ರಿ. ಯಾವ ಬಿಲ್ಲೆಯ ಸುತ್ತ ಸಾಕಷ್ಟು ಅಗಲ ಬಯಲಾಯಿತೋ ಅದು ‘ಎಸ್’, ಅಂದರೆ ಆ ಔಷಧಿಗೆ ಬ್ಯಾಕ್ಟೀರಿಯಾ ಬಗ್ಗುತ್ತದೆ; ಇಲ್ಲದ್ದು ‘ಆರ್’, ಅಂದರೆ ಬಗ್ಗುವುದಿಲ್ಲ. ಅಷ್ಟು ದಿನ ಗಾಯ ಕಾಯುವುದಿಲ್ಲವಲ್ಲ, ಡಾಕ್ಟರು ಅಂದಾಜಿನ ಮೇಲೆ ಒಂದು ಮಾತ್ರೆ ಶುರುಮಾಡುತ್ತಾರೆ. ನಮ್ಮ ಕಾಗದ ಕೈಗೆ ಬಂದ ಮೇಲೆ ಬದಲಿಸುತ್ತಾರೆ. ನಡೆಯಬೇಕಾದದ್ದೇ ಹೀಗೆ.

‘ಆರ್’ ಸಾಲು ನೋಡಿ ಗಾಬರಿಯಾಗಿದ್ದೀರಿ. ಎಂಆರ್‌ಎಸ್‌ಎ ಅಂದರೆ ಮೆಥಿಸಿಲಿನ್ ಎಂಬ ಪೆನಿಸಿಲಿನ್ ಬಳಗದ ಔಷಧಿಗೆ ಬಗ್ಗದ ಸ್ಟ್ಯಾಫಿಲೊಕಾಕಸ್ ಆರಿಯಸ್. ಇದರ ವಿಷಯದಲ್ಲಿ ಆ ಬಳಗದ ಒಂದು ಬಿಲ್ಲೆ ಸೋತರೆ ಆ ಮನೆತನದ ಹೆಚ್ಚುಕಡಿಮೆ ಎಲ್ಲವಕ್ಕೂ ‘ಆರ್’ ಹಾಕುತ್ತೇವೆ. ಸಾಲು ಉದ್ದವಾಗುವುದು ಹಾಗೆ. ಈ ತಳಿ ಹೊಸದೇನಲ್ಲ. ಮೆಥಿಸಿಲಿನ್ ಬಳಕೆಗೆ ಬಂದದ್ದು 1959ರಲ್ಲಿ, ಅದಕ್ಕೆ ಬಗ್ಗದ ತಳಿ ಇಂಗ್ಲೆಂಡಿನಲ್ಲಿ 1961ಕ್ಕೇ ಸಿಕ್ಕಿತ್ತು. ನಿಮ್ಮ ರಿಪೋರ್ಟಿನ ಕೆಳಗಡೆ ‘ಎಸ್’ ಇರುವ ಒಂದೆರಡು ಹೆಸರು ಇದ್ದೇ ಇರಬೇಕು, ನೋಡಿ. ಗಾಯ ಒಣಗಿತು ಅಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ತಪ್ಪು ಯಾರದು ಅಂದರೆ, ಅದನ್ನು ನನ್ನ ತಟ್ಟೆ ಹೇಳುವುದಿಲ್ಲ. ಆರೋಗ್ಯವಂತರಲ್ಲೇ ಸುಮಾರು ಮೂವರಲ್ಲಿ ಒಬ್ಬರ ಮೂಗಿನಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಸುಮ್ನೆ ಕೂತಿರುತ್ತದೆ. ಆಸ್ಪತ್ರೆಯ ಕೈಗಳಿಂದಲೂ ಬರಬಹುದು, ಅವ್ವನ ಚರ್ಮದಿಂದಲೇ ಬರಬಹುದು. ಅದು ಬೇರೂರಲು ಶುಗರ್ ಏರಿದ್ದು ಸಾಕು. ಸ್ತನ ತೆಗೆದ ಜಾಗದಲ್ಲಿ ನೀರು ತುಂಬಿಕೊಳ್ಳುವುದೂ ಇದೆ, ಡ್ರೇನ್ ನಳಿಗೆ ಹಾಕುವುದು ಅದಕ್ಕೇ. ನಿಂತ ನೀರಿನಲ್ಲಿ ಏನು ಬೆಳೆಯುತ್ತದೆ ಅಂತ ಊರಿನವರಿಗೆ ಹೇಳಬೇಕೇ?

ನೀವು ಕೇಳದ ಒಂದು ಮಾತು. ನಮ್ಮ ಚಿಕ್ಕಮ್ಮನಿಗೂ ಇದೇ ಆಪರೇಷನ್ ಆಗಿತ್ತು. ಹೊಲಿಗೆ ಕೆಂಪಾದಾಗ ಯಾರಿಗೂ ಹೇಳದೆ ಅರಿಶಿನ, ಕೊಬ್ಬರಿ ಎಣ್ಣೆ ಮೆತ್ತಿದರು. ಲ್ಯಾಬಿಗೆ ಬಂದ ಹತ್ತಿ ಕಡ್ಡಿ ಹಳದಿಯಾಗಿತ್ತು. ಕೀವೋ ಅರಿಶಿನವೋ ಗೊತ್ತಾಗದೆ ಇನ್ನೊಂದು ಸಲ ತರಿಸಬೇಕಾಯಿತು, ಎರಡು ದಿನ ಹೋಯಿತು. ಇನ್ನೂ ಬೇಜಾರಾದದ್ದು ಊಟ. ‘ನಂಜು’ ಅಂತ ಬದನೆ ಬಿಟ್ಟರು, ಆಮೇಲೆ ಬೇಳೆ, ಮೊಟ್ಟೆ, ಮೊಸರು. ಬರೀ ಅನ್ನ, ತಿಳಿಸಾರು. ಬದನೆ ಬಿಟ್ಟರೆ ನಷ್ಟವಿಲ್ಲ ಬಿಡಿ. ಬೇಳೆ, ಮೊಟ್ಟೆ ಬಿಟ್ಟರೆ ಗಾಯ ಕೂಡಲು ಬೇಕಾದ ಪ್ರೋಟೀನ್ ಎಲ್ಲಿಂದ ಬರಬೇಕು? ಅವ್ವನಿಗೆ ಕಿಡ್ನಿ ತೊಂದರೆ ಇಲ್ಲದಿದ್ದರೆ ಇವನ್ನೆಲ್ಲ ಕೊಡಿ, ಶುಗರ್ ಮಾತ್ರ ಹಿಡಿತದಲ್ಲಿರಲಿ.

ಗಾಯದ ಸುತ್ತ ಕೆಂಪು ದಿನದಿನಕ್ಕೆ ಹರಡುತ್ತಿದ್ದರೆ, ವಾಸನೆ ಬಂದರೆ, ಚಳಿ ಜ್ವರ ಬಂದರೆ ಮುಂದಿನ ಡ್ರೆಸಿಂಗ್ ದಿನಕ್ಕೆ ಕಾಯಬೇಡಿ. ಕೀಮೋ ಶುರುವಾದ ಮೇಲಂತೂ ಥರ್ಮಾಮೀಟರ್ 100.4 ತೋರಿಸಿದರೆ, ಅದು ಮಧ್ಯರಾತ್ರಿಯೇ ಆಗಿರಲಿ, ನೇರ ಆಸ್ಪತ್ರೆಗೆ ಹೊರಡಿ. ಮೆಡಿಕಲ್ ಶಾಪಿಗಲ್ಲ.