ತಮ್ಮ ಮನೆಗೆ ಬಂದಿದ್ದಾನೆ, ಭಯ ಬಿಟ್ಟಿಲ್ಲ

ಪ್ರಶ್ನೆ: ನನ್ನ ತಮ್ಮನಿಗೆ 26 ವರ್ಷ. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸವೆಂದು ಏಜೆಂಟ್ ಕರೆದೊಯ್ದು, ಗಡಿ ದಾಟಿಸಿ ಮ್ಯಾನ್ಮಾರ್‌ನಲ್ಲಿ ಸಿಕ್ಕಿಹಾಕಿಸಿದ. ಪಾಸ್‌ಪೋರ್ಟ್ ಕಿತ್ತುಕೊಂಡು ಕೂಡಿಹಾಕಿದರಂತೆ. ಅಪರಿಚಿತರಿಗೆ ಮೊಬೈಲ್ ಸಂದೇಶ ಕಳಿಸಿ ಹಣ ವಂಚಿಸಬೇಕು, ಗುರಿ ಮುಟ್ಟದಿದ್ದರೆ ಹೊಡೆತ, ಕರೆಂಟ್ ಶಾಕ್. ಬಿಡುಗಡೆಯಾಗಿ ಊರಿಗೆ ಬಂದು ನಾಲ್ಕು ತಿಂಗಳಾಯಿತು. ರಾತ್ರಿ ನಿದ್ದೆಯಿಲ್ಲ, ಬಾಗಿಲಿಗೆ ಮುಖ ಮಾಡಿಯೇ ಕೂರುತ್ತಾನೆ. ಮೊಬೈಲ್ ಸದ್ದಾದರೆ ಬೆವರುತ್ತಾನೆ. ಶೌಚಾಲಯಕ್ಕೆ ಹೋಗಲೂ ಅಮ್ಮನ ಅಪ್ಪಣೆ ಕೇಳುತ್ತಾನೆ. ಕೋಲದ ದಿನ ಗರ್ನಾಲು ಸಿಡಿದಾಗ ಅಡಿಕೆ ಗೋಣಿಗಳ ಹಿಂದೆ ಅಡಗಿದ್ದ. ಜೋಯಿಸರಲ್ಲಿ ಕೇಳಿ ನೂಲು ಕಟ್ಟಿಸಿದೆವು. ಎಲ್ಲವನ್ನೂ ಬಾಯಿಬಿಡಿಸಿ, ಬೇಗ ಮದುವೆ ಮಾಡಿ ಎನ್ನುತ್ತಾರೆ ಮಾವ. ಇದು ಹುಚ್ಚೇ?
– ಓದುಗಿ, ಬದಿಯಡ್ಕ (ಕಾಸರಗೋಡು, ಕೇರಳ)

ಉತ್ತರ: ಹುಚ್ಚಲ್ಲ. ನೀವು ಬರೆದ ಲಕ್ಷಣಗಳು ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿಯುವ ಒತ್ತಡದ ಕಾಯಿಲೆಗೆ ಹೊಂದುತ್ತವೆ. ಖಚಿತಪಡಿಸಬೇಕಾದವರು ಅವನನ್ನು ನೇರವಾಗಿ ನೋಡುವ ವೈದ್ಯರು. ಆಘಾತವಾದ ಮೊದಲ ವಾರಗಳಲ್ಲಿ ಯಾರಿಗೂ ನಿದ್ದೆ ಕೆಡುತ್ತದೆ. ತಿಂಗಳು ಮೀರಿಯೂ ಅದು ದಿನದ ಬದುಕನ್ನು ಕಟ್ಟಿಹಾಕಿದ್ದರೆ ಚಿಕಿತ್ಸೆ ಬೇಕು. ಇನ್ನು ಕಾಯಬೇಡಿ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಅಪ್ಪಣೆ ಕೇಳುವ ವಿಷಯ. ಸಿಡಿಮದ್ದಿಗೆ ಬೆಚ್ಚುವುದು ದೊಡ್ಡ ಅಪಘಾತ ಕಂಡವರಲ್ಲೂ ಇರುತ್ತದೆ. ಸೆರೆಯಲ್ಲಿದ್ದವರ ಕಥೆಯೇ ಬೇರೆ. ಉಣ್ಣುವುದು, ಮಲಗುವುದು, ಎದ್ದು ಹೋಗುವುದು ಎಲ್ಲವೂ ಇನ್ನೊಬ್ಬರ ಕೈಯಲ್ಲಿರುತ್ತದೆ. ತಾನಾಗಿ ಏನನ್ನಾದರೂ ತೀರ್ಮಾನಿಸಿದರೆ ಪೆಟ್ಟು ಬೀಳುತ್ತದೆ ಎಂಬುದು ಮೈಗೇ ಅಭ್ಯಾಸವಾಗಿಬಿಡುತ್ತದೆ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದಲ್ಲಿ ಸಂಕೀರ್ಣ ಪಿಟಿಎಸ್‌ಡಿ ಎಂಬ ಪ್ರತ್ಯೇಕ ವಿಭಾಗವೇ ಇದೆ: ಭಯದ ಜೊತೆಗೆ ನಾಚಿಕೆ, ತಾನು ಯಾವುದಕ್ಕೂ ಬಾರದವನೆಂಬ ಭಾವ, ಹತಾಶೆ ಅಥವಾ ಸಿಟ್ಟನ್ನು ತಡೆಯಲಾಗದಿರುವುದು, ಹತ್ತಿರದವರಿಂದಲೂ ದೂರ ಸರಿಯುವುದು. ಹಾಗಾಗಿ ಸಣ್ಣಪುಟ್ಟ ಆಯ್ಕೆಗಳನ್ನು ಅವನಿಗೇ ಬಿಡಿ. ಗಂಜಿಗೆ ಚಟ್ನಿಯೋ ಉಪ್ಪಿನಕಾಯಿಯೋ, ಕೋಣೆಯ ಬಾಗಿಲು ತೆರೆದಿರಬೇಕೋ ಮುಚ್ಚಿರಬೇಕೋ, ಅವನೇ ಹೇಳಲಿ. ಅಪ್ಪಣೆ ಕೇಳಿದಾಗ ಗದರಬೇಡಿ. “ಇದು ನಿನ್ನ ಮನೆ, ಕೇಳಬೇಕಾಗಿಲ್ಲ ಮಗ” ಎಂದು ಅಮ್ಮ ಪ್ರತಿ ಸಲವೂ ಮೆಲ್ಲಗೆ ಹೇಳಲಿ. ಊರಲ್ಲಿ ಕೋಲವೋ ಜಾತ್ರೆಯೋ ಇದ್ದರೆ, ಗರ್ನಾಲು ಸಿಡಿಸುವ ಹೊತ್ತನ್ನು ಮೊದಲೇ ತಿಳಿಸಿ.

ಬಾಯಿಬಿಡಿಸುವ ಪ್ರಯತ್ನವನ್ನು ಇಂದೇ ನಿಲ್ಲಿಸಿ. ಅವನ ಪಾಲಿಗೆ ಅದು ಮತ್ತೊಂದು ವಿಚಾರಣೆ. ಎಷ್ಟು ಜನರಿಗೆ ಮೋಸ ಮಾಡಿದೆ ಎಂದು ಕೆದಕುವ ನೆಂಟರನ್ನು ಅಂಗಳದಲ್ಲೇ ತಡೆಯಿರಿ. ಇಂಥವರನ್ನು ಎಷ್ಟೋ ಸಲ ಪೆಟ್ಟಿಗಿಂತ ಹೆಚ್ಚಾಗಿ ಕೊರೆಯುವುದು ತನ್ನ ಕೈಯಿಂದ ಯಾರದೋ ಮನೆ ಮುಳುಗಿತೆಂಬ ನೋವು. ಮ್ಯಾನ್ಮಾರ್ ಒಂದರಲ್ಲೇ ಕನಿಷ್ಠ 1,20,000 ಮಂದಿಯನ್ನು ಹೀಗೆ ಬಲವಂತದಿಂದ ದುಡಿಸಲಾಗುತ್ತಿರಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರಲ್ಲಿ ಹೇಳಿತ್ತು. ಇವರು ಅಪರಾಧಿಗಳಲ್ಲ, ಸಂತ್ರಸ್ತರು ಎಂದೂ ಸ್ಪಷ್ಟಪಡಿಸಿತ್ತು. ಈ ಮಾತು ತಮ್ಮನ ಕಿವಿಗೆ ಬೀಳಲಿ.

ನೂಲು ಇರಲಿ, ಅಮ್ಮನ ಸಮಾಧಾನಕ್ಕೆ. ಚಿಕಿತ್ಸೆ ಮಾತ್ರ ಬೇರೆಯೇ ಬೇಕು. ತರಬೇತಾದ ಮನಃಶಾಸ್ತ್ರಜ್ಞರು ಅವನು ತಡೆದುಕೊಳ್ಳುವಷ್ಟೇ ವೇಗದಲ್ಲಿ ನೆನಪುಗಳನ್ನು ಬಿಡಿಸುತ್ತಾ ಹೋಗುತ್ತಾರೆ. ಸರ್ಟ್ರಲಿನ್‌ನಂಥ ಮಾತ್ರೆಯನ್ನು ಮನೋವೈದ್ಯರು ಕೊಟ್ಟರೆ ಗುಣ ಕಾಣಲು ಕೆಲವು ವಾರ ಹಿಡಿಯುತ್ತದೆ, ನಡುವೆ ಬಿಡಬಾರದು. ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆ ತಂದು ಕೊಡಲೇಬೇಡಿ. ಚಟವಾಗುತ್ತದೆ, ಕಾಯಿಲೆ ಹಾಗೆಯೇ ಉಳಿಯುತ್ತದೆ. ಮದುವೆಯ ಮಾತು ಈಗ ಬೇಡ. ಬರುವ ಹುಡುಗಿಗೂ ಅದು ಅನ್ಯಾಯ.

ಇಂಥ ವಿಷಯವನ್ನು ಮಲಯಾಳದಲ್ಲಿ ಹೇಳಿಕೊಳ್ಳಲು ಅವನಿಗೆ ಕಷ್ಟವಾದರೆ ಮಂಗಳೂರಿನಲ್ಲಿ ತೋರಿಸಿ. ಟೆಲಿ ಮಾನಸ್ ಉಚಿತ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಸೇವೆಯಿದೆ. ಬದುಕುವುದೇ ಬೇಡ ಎಂಬ ಮಾತು ಅವನಿಂದ ಬಂದರೆ ಒಂಟಿಯಾಗಿ ಬಿಡದೆ, ಕೀಟನಾಶಕದ ಡಬ್ಬಿಗಳನ್ನು ಕೈಗೆ ಸಿಗದಂತೆ ಇಟ್ಟು, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.