ಪಕ್ಕದ ಬೆಡ್ಡಿಗೆ 60 ಲೀಟರ್, ನಮ್ಮಮ್ಮನಿಗೆ ನಾಲ್ಕೇನಾ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು. ತಾಯಿ ಶಿವಮೊಗ್ಗದ ಆಸ್ಪತ್ರೆಯೊಂದರ ಐಸಿಯುನಲ್ಲಿ. ಆಕ್ಸಿಜನ್ನಿನ ತಿರುಪನ್ನು ತಾವೇ ಏರಿಸಲು ಹೋದರೆಂದು ನರ್ಸ್ ಅವರನ್ನು, ರೋಗಿಗಳ ಮನೆಯವರ ಜೊತೆ ಮಾತಾಡುವ ಕೆಲಸದ ನನ್ನ ಬಳಿ ಕಳಿಸಿದ್ದರು.

“ಪಕ್ಕದವರಿಗೆ ನಿಮಿಷಕ್ಕೆ 60 ಲೀಟರ್ ಹೋಗ್ತಿದೆ. ನಮ್ಮಮ್ಮನಿಗೆ ಬರೀ 4. ಸ್ಯಾಚುರೇಶನ್ 90 ದಾಟ್ತಾನೇ ಇಲ್ಲ. ಸರ್ಕಾರಿ ಕಾರ್ಡಿನ ಮೇಲೆ ಸೇರಿಸಿದ್ದಕ್ಕೆ ಹೀಗಾ ಮೇಡಂ?”

ತಾಯಿ ಬೀಡಿ ಮುಟ್ಟಿದವರಲ್ಲ. ಅಡುಗೆಮನೆಯ ಸೌದೆ ಒಲೆ, ಬಚ್ಚಲ ಹಂಡೆ, ಅಡಿಕೆ ಕೊಯ್ಲಿನ ಕಾಲದಲ್ಲಿ ಅದನ್ನು ಬೇಯಿಸುವ ಒಲೆ, ಈ ಹೊಗೆಯಲ್ಲೇ ಆಯುಷ್ಯ ಸವೆಸಿದವರು. ಕಾಯಿಲೆ ಸಿಓಪಿಡಿ, ಅಂದರೆ ಶ್ವಾಸನಾಳಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ.

ಚಿಕಿತ್ಸೆಯ ಮಾತು ವೈದ್ಯರೇ ಆಡಬೇಕು. ಅವರನ್ನು ಕರೆದು ಜೊತೆಗೆ ಕೂರಿಸಿದೆ. ಅವರು ವಿವರಿಸಿದರು: ಬಹುತೇಕ ರೋಗಿಗಳಿಗೆ ಸ್ಯಾಚುರೇಶನ್, ಅಂದರೆ ರಕ್ತದಲ್ಲಿನ ಆಕ್ಸಿಜನ್ ಮಟ್ಟದ ಗುರಿ ಶೇಕಡಾ 94ರಿಂದ 98. ಸಿಓಪಿಡಿ ಇರುವ ಈ ತಾಯಿಗೆ 88ರಿಂದ 92. ಅದನ್ನು ಮೀರಿಸಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಕವಿದೀತು. ಅದಕ್ಕೇ ವೆಂಚುರಿ ಮಾಸ್ಕ್: ಉಸಿರಾಟ ಏರುಪೇರಾದರೂ ಹೆಚ್ಚುಕಡಿಮೆ 28 ಪ್ರತಿಶತ ಆಕ್ಸಿಜನ್ನೇ ಹೋಗುವಂತೆ ನೋಡಿಕೊಳ್ಳುತ್ತದೆ. ಪಕ್ಕದವರ ಕಾಯಿಲೆಯೇ ಬೇರೆ. ಅವರಿಗೆ ಹಾಕಿರುವ ಯಂತ್ರದ 60 ಲೀಟರೂ ಆಕ್ಸಿಜನ್ ಅಲ್ಲ, ಬೆಚ್ಚಗೆ, ತೇವವಾಗಿಸಿದ ಗಾಳಿಯೂ ಸೇರಿದೆ.

ಸಿಟ್ಟು ಇಳಿಯಿತು, ಅಳು ಬಂತು. “ಗ್ಯಾಸ್ ಬಂದ ಮೇಲೂ ಹಂಡೆ ಒಲೆ ಬಿಡಿಸಲಿಲ್ಲ ನಾನು.” ಅಳಲು ಬಿಟ್ಟೆ. ಆಮೇಲೆ ಹೇಳಿದೆ: ಆ ಒಲೆ ನಮ್ಮ ಮಲೆನಾಡಿನ ಮನೆಮನೆಯಲ್ಲೂ ಉರಿದದ್ದು, ನೀವೊಬ್ಬರೇ ಹಚ್ಚಿದ್ದಲ್ಲ. ದಿನಾ ಮಾನಿಟರ್ ನೋಡಿ ಕುದಿಯಬೇಡಿ. “ಅಮ್ಮನ ಗುರಿ ಎಷ್ಟು, ಇವತ್ತು ಎಲ್ಲಿದ್ದಾರೆ” ಎಂದು ವೈದ್ಯರನ್ನು ಕೇಳಿ.

ಮರುದಿನ ಬೈಪ್ಯಾಪ್ ಎಂಬ ಉಸಿರಾಟದ ಯಂತ್ರ ಹಾಕಬೇಕಾಯಿತು. “ವೆಂಟಿಲೇಟರ್ ಅಂದ್ರೆ ಮುಗೀತಾ?” ಎಂದರು. ಇದರಲ್ಲಿ ಗಂಟಲಿಗೆ ನಳಿಕೆ ಇಳಿಸುವುದಿಲ್ಲ, ಬಿಗಿಯಾದ ಮಾಸ್ಕಿನಿಂದ ಒತ್ತಡ ಕೊಟ್ಟು ಉಸಿರಿಗೆ ಆಸರೆಯಾಗುತ್ತದೆ. ಸಾಲದಿದ್ದರೆ ಮುಂದೇನು, ನಳಿಕೆ ಹಾಕಿಸುವುದು ತಾಯಿಗೆ ಒಪ್ಪಿಗೆಯೇ ಎಂಬುದನ್ನು, ಅವರಿಗೆ ಮಾತಾಡಲು ಆಗುವಾಗಲೇ ಕೇಳಿ ಎಂದೆ. ಕಷ್ಟದ ಮಾತು, ಆದರೆ ಮಗನೇ ಕೇಳಬೇಕಾದದ್ದು. ಅಮ್ಮ ಗಾಬರಿಯಲ್ಲಿ ಮಾಸ್ಕ್ ಕಿತ್ತುಹಾಕುತ್ತಿದ್ದರು. ಗದರಬೇಡಿ, ಕೈ ಹಿಡಿದು ತೋಟದ ಸುದ್ದಿ ಹೇಳಿ. ನೀರು ಬೇಕೆಂದರೆ ನರ್ಸನ್ನು ಕೇಳದೆ ಮಾಸ್ಕ್ ತೆಗೆಯಬೇಡಿ. ಸೊಸೆ ಇದನ್ನು ಎಲ್ಲರಿಗಿಂತ ಚೆನ್ನಾಗಿ ಮಾಡಿದರು.

ತಾಯಿ ಚೇತರಿಸಿಕೊಂಡರು. ಮನೆಗೆ ಹೊರಡುವಾಗ ಎರಡೇ ಮಾತು ಹೇಳಿದೆ. ಹಂಡೆ ಒಲೆಯ ಹತ್ತಿರ ಅವರನ್ನು ಇನ್ನು ಬಿಡಬೇಡಿ. ಗುರಿ 88–92 ಎಂದು ವೈದ್ಯರಿಂದಲೇ ಚೀಟಿಯಲ್ಲಿ ಬರೆಸಿ ಫೈಲಿನ ಮೇಲೆ ಅಂಟಿಸಿ. ಮತ್ತೆ 108 ಕರೆಯುವ ಹೊತ್ತು ಬಂದರೆ ಆಂಬುಲೆನ್ಸಿನವರಿಗೆ ಮೊದಲು ಅದನ್ನು ತೋರಿಸಿ.