ಸಮುದ್ರದ ದಂಡೆಯ ಹೋಂಸ್ಟೇ ಅಂಗಳಕ್ಕೆ ಐಪಿ66 ಸ್ಪೀಕರ್ ಸಾಕಾ?

ಕಾರವಾರದ ಮಾಜಾಳಿ ಹತ್ತಿರ ದಂಡೆಗೆ ತಾಗಿಯೇ ಹೋಂಸ್ಟೇ ಇದೆ, ಅಂಗಳದಲ್ಲಿ ನಾಲ್ಕು ಸ್ಪೀಕರ್ ಕಾಯಂ ಆಗಿ ಹಾಕಬೇಕು, ಕಂಪನಿಯವರು ‘ಐಪಿ66 ಇದೆ, ಮಳೆಗೆ ಏನೂ ಆಗಲ್ಲ’ ಅಂತಾರೆ, ನಂಬಬಹುದಾ ಅಂತ ಕೇಳಿದ್ದೀರಿ.

ಮಳೆಯ ಮಟ್ಟಿಗೆ ನಂಬಬಹುದು. ಆದರೆ ನಮ್ಮ ಕರಾವಳಿಯಲ್ಲಿ ಸ್ಪೀಕರ್ ಹಾಳಾಗುವುದು ಮಳೆಗಿಂತ ಜಾಸ್ತಿ ಉಪ್ಪಿನಿಂದ. ನಾನು ಕುಮಟಾ ಕಡೆ ಮೈಕ್‌ಸೆಟ್ ಕೆಲಸ ಮಾಡುವವನು. ಯಕ್ಷಗಾನದ ಆಟ, ತೇರು, ಮದುವೆ ಎಲ್ಲದಕ್ಕೂ ಹೋಗುತ್ತೇನೆ, ರಿಪೇರಿಯೂ ಮಾಡುತ್ತೇನೆ. ದಂಡೆ ಕಡೆಯಿಂದ ಬಂದ ಪೆಟ್ಟಿಗೆ ಬಿಚ್ಚಿದರೆ ಒಳಗೆ ನೀರು ಸಿಗುವುದು ಅಪರೂಪ. ಸಿಗುವುದು ವೈರ್ ಜೋಡಿಸುವ ಟರ್ಮಿನಲ್ ಮೇಲೆ ಹಸಿರು ಪುಡಿ, ಜಾಲರಿಯ ಬಣ್ಣದ ಅಡಿಯಲ್ಲಿ ಉಬ್ಬಿಕೊಂಡ ತುಕ್ಕು, ತಲೆ ತಿಂದುಹೋಗಿ ತಿರುಗದ ಸ್ಕ್ರೂ.

ಐಪಿ ಅಂದರೆ ಧೂಳು, ನೀರು ಒಳಗೆ ಹೋಗದಂತೆ ಎಷ್ಟು ತಡೆಯುತ್ತದೆ ಅಂತ ಹೇಳುವ ನಂಬರ್. ಐಪಿ66ರಲ್ಲಿ ಮೊದಲ 6 ಧೂಳಿಗೆ, ಎರಡನೆಯದು ನೀರಿಗೆ. ನೀರಿನ ಪರೀಕ್ಷೆ ಸಣ್ಣದೇನಲ್ಲ. 12.5 ಮಿಲಿಮೀಟರ್ ನಳಿಕೆಯಿಂದ ನಿಮಿಷಕ್ಕೆ 100 ಲೀಟರ್ ನೀರನ್ನು ಎಲ್ಲ ಕಡೆಯಿಂದ ಹೊಡೆಯುತ್ತಾರೆ. ಆದರೆ ಅದು ಸಿಹಿನೀರು, ಕೆಲವೇ ನಿಮಿಷದ ಕೆಲಸ. ವರ್ಷಗಟ್ಟಲೆ ಬೀಸುವ ಉಪ್ಪುಗಾಳಿಗೂ ಆ ನಂಬರಿಗೂ ಸಂಬಂಧವೇ ಇಲ್ಲ. ಉಪ್ಪಿಗೆ ಬೇರೆ ಪರೀಕ್ಷೆ ಇದೆ, ಸಾಲ್ಟ್ ಸ್ಪ್ರೇ ಟೆಸ್ಟ್. 35 ಡಿಗ್ರಿ ಶಾಖದ ಪೆಟ್ಟಿಗೆಯೊಳಗೆ 5 ಪರ್ಸೆಂಟ್ ಉಪ್ಪುನೀರಿನ ಮಂಜು ಬಿಟ್ಟು ಗಂಟೆಗಟ್ಟಲೆ ಇಡುತ್ತಾರೆ. ‘ಎಷ್ಟು ಗಂಟೆ ಇಟ್ಟಿದ್ದೀರಿ? ಇಡೀ ಸ್ಪೀಕರನ್ನೋ, ಬರೀ ಬ್ರಾಕೆಟನ್ನೋ?’ ಅಂತ ಕೇಳಿ. ಇಷ್ಟು ಗಂಟೆ ಅಂದರೆ ಇಷ್ಟು ವರ್ಷ ಬಾಳಿಕೆ ಅಂತ ಲೆಕ್ಕ ಹಾಕೋಕೆ ಆಗಲ್ಲ. ಆದರೂ ಉತ್ತರ ಕೊಡುವವರಿಗೂ ಮಾತು ಹಾರಿಸುವವರಿಗೂ ಇರುವ ವ್ಯತ್ಯಾಸ ಅಲ್ಲೇ ಗೊತ್ತಾಗುತ್ತದೆ.

ಆಮೇಲೆ ಸ್ಕ್ರೂ ನೋಡಿ. ‘ಸ್ಟೀಲ್’ ಅಂದರೆ ಸಾಲದು, ಯಾವ ಗ್ರೇಡ್? 304 ಗ್ರೇಡಿನ ಸ್ಟೇನ್‌ಲೆಸ್ ಸ್ಟೀಲ್ ನಮ್ಮ ದಂಡೆಯಲ್ಲಿ ಬೇಗ ಕಂದು ಕಲೆ ಹಿಡಿಯುತ್ತದೆ. 316ರಲ್ಲಿ 2ರಿಂದ 3 ಪರ್ಸೆಂಟ್ ಮಾಲಿಬ್ಡಿನಮ್ ಅನ್ನುವ ಲೋಹ ಇರುವುದರಿಂದ ಉಪ್ಪಿಗೆ ಚೆನ್ನಾಗಿ ತಡೆಯುತ್ತದೆ. ಅದೂ ಪೂರ್ತಿ ಕಲೆ ಬರದೇ ಇರುತ್ತದೆ ಅಂತಲ್ಲ. ಅಲ್ಯೂಮಿನಿಯಂ ಜಾಲರಿಗೆ ಸ್ಟೀಲ್ ಸ್ಕ್ರೂ ನೇರ ಕೂತಿದ್ದರೆ ನಡುವೆ ನೈಲಾನ್ ವಾಷರ್ ಇದೆಯಾ ನೋಡಿ. ಇಲ್ಲದಿದ್ದರೆ ಉಪ್ಪುನೀರು ತಾಗಿ ಸ್ಕ್ರೂ ಸುತ್ತಲಿನ ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತದೆ. ಒಳಗೆ ಅದುರಿ ಶಬ್ದ ಮಾಡುವ ಕೋನ್ ಕಾಗದದ್ದು ಬೇಡ, ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್‌ನದ್ದು ಇರಲಿ. ಕೋನ್ ಅಂಚು ರಬ್ಬರಿನದ್ದಾಗಿರಲಿ. ಫೋಮ್ ಅಂಚು ನಮ್ಮ ಸೆಕೆಗೆ ಪುಡಿಪುಡಿಯಾಗಿ ಉದುರುತ್ತದೆ.

ಬ್ರ್ಯಾಂಡ್ ಹೆಸರಿಗೆ ಮರುಳಾಗಬೇಡಿ, ಆದರೆ ಹಳಬರನ್ನು ಮರೆಯಲೂಬೇಡಿ. 1940ರಲ್ಲಿ ಶುರುವಾದ ದೆಹಲಿಯ ಅಹುಜಾ, 1934ರ ಜಪಾನಿನ ಟಿಒಎ, ಎರಡೂ ಹೊರಗಿನ ಕೆಲಸಕ್ಕೆ ಹಾರ್ನ್, ಅಂದರೆ ತುತ್ತೂರಿ ಆಕಾರದ ಸ್ಪೀಕರ್, ಮಾಡುತ್ತಾ ಬಂದಿವೆ. ಆದರೆ ಹಾರ್ನ್ ಮಾತಿಗೆ ಸರಿ, ಹಾಡಿಗಲ್ಲ. ಅನೌನ್ಸ್‌ಮೆಂಟ್ ದೂರಕ್ಕೆ ಕೇಳಬೇಕಾದರೆ ಅದೇ ಬೇಕು. ಅತಿಥಿಗಳು ಊಟ ಮಾಡುವಾಗ ಹಾಡು ಹಾಕೋಕೆ ಕೋನ್ ಇರುವ ಪೆಟ್ಟಿಗೆಯೇ ಆಗಬೇಕು. ಯಾರದ್ದೇ ತಗೊಂಡರೂ ಬಿಡಿಭಾಗ ಸಿಗುತ್ತಾ ಅಂತ ಕೇಳಿ. ಹಾರ್ನ್ ಯುನಿಟ್ ಹೋದರೆ ಒಳಗೆ ಅದುರುವ ತೆಳು ಪೊರೆ, ಅಂದರೆ ಡಯಾಫ್ರಾಮ್, ಬರೀ ಅದನ್ನು ಬದಲಿಸಿದರೆ ಮುಗಿಯಿತು. ಪೂರ್ತಿ ಅಂಟಿಸಿ ಮುಚ್ಚಿದ ಪೆಟ್ಟಿಗೆಯಾದರೆ ಕೆಟ್ಟಾಗ ಎಸೆಯುವುದೇ ಗತಿ.

ಇನ್ನು ಎಲ್ಲಿ ಹಾಕುವುದು. ಎಲ್ಲರೂ ಮಾಡಿನ ಅಂಚಿಗೆ ಹಾಕುತ್ತಾರೆ, ಮಳೆ ತಾಗಲ್ಲ ಅಂತ. ನಿಜವಾಗಿ ಬೇಗ ತುಕ್ಕು ಹಿಡಿಯುವುದು ಅಲ್ಲಿ ಕೂತವಕ್ಕೇ! ಬಯಲಲ್ಲಿದ್ದ ಸ್ಪೀಕರಿನ ಉಪ್ಪನ್ನು ಮಳೆ ತೊಳೆದು ಹಾಕುತ್ತದೆ. ಮಾಡಿನ ಕೆಳಗೆ ಗಾಳಿ ಉಪ್ಪು ತಂದು ಹಾಕುತ್ತಲೇ ಇರುತ್ತದೆ, ತೊಳೆಯುವವರಿಲ್ಲ. ಅದಕ್ಕೆ ಮಳೆಗಾಲ ಮುಗಿದ ಮೇಲಿಂದ ಮತ್ತೆ ಜೂನ್ ಬರುವವರೆಗೆ ಆಗಾಗ ಸಿಹಿನೀರಲ್ಲಿ ಅದ್ದಿದ ಬಟ್ಟೆಯಿಂದ ಜಾಲರಿ, ಬ್ರಾಕೆಟ್, ಸ್ಕ್ರೂ ಒರೆಸಿಸಿ. ಇಷ್ಟು ಮಾಡಿದರೆ ಸಾಧಾರಣ ಸ್ಪೀಕರೂ ಬಾಳಿಕೆ ಬರುತ್ತದೆ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಕೊಟ್ಟೆ ಸುತ್ತಿ ಬಿಗಿದು ಕಟ್ಟುವುದು ಮಾತ್ರ ಬೇಡ, ಒಳಗೇ ಬೆವರು ಕಟ್ಟುತ್ತದೆ.

ಮುಖ ಸ್ವಲ್ಪ ಕೆಳಗೆ ಬಾಗಿರಲಿ. ಕೆಲವು ಸ್ಪೀಕರಿಗೆ ಹಾಗೆ ಕೂರಿಸಿದರೆ ಮಾತ್ರ ಆ ಐಪಿ ನಂಬರ್ ಅನ್ವಯ, ಕಾಗದದಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ಕೇಬಲ್ ಕೆಳಗಿಂದ ಬರಲಿ. ಪೆಟ್ಟಿಗೆಗೆ ಹೋಗುವ ಮೊದಲು ಒಂದು ಜೋಲು ಬಿಡಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಟರ್ಮಿನಲ್‌ಗೆ ಸಿಲಿಕಾನ್ ಗ್ರೀಸ್ ಹಚ್ಚಿಸಿ. ಆಂಪ್ಲಿಫೈಯರ್ ಮನೆಯೊಳಗೇ ಇರಲಿ.

ಅಂದಹಾಗೆ, ಸಿರ್ಸಿಯ ನಿಮ್ಮ ಭಾವನ ಮನೆಯಲ್ಲಿ ಸಾದಾ ಸ್ಪೀಕರೇ ಚೆನ್ನಾಗಿದೆ ಅಂದಿರಲ್ಲ, ಇರಬಹುದು. ಘಟ್ಟದ ಮೇಲೆ ಉಪ್ಪುಗಾಳಿ ಇಲ್ಲ. ಅಲ್ಲಿಯ ಕಾಟ ಬೂಷ್ಟು, ಮತ್ತೆ ಹಾರ್ನ್ ಬಾಯೊಳಗೆ ಮಣ್ಣಿನ ಗೂಡು ಕಟ್ಟುವ ಕುಂಬಾರ ಹುಳ. ಅದನ್ನು ನೋಡಿ ಮಾಜಾಳಿಗೆ ತಗೋಬೇಡಿ.

ಇನ್ನೊಂದು. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಲೌಡ್‌ಸ್ಪೀಕರಿಗೆ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಹಾಕುವಂತಿಲ್ಲ. ವಸತಿ ಪ್ರದೇಶದಲ್ಲಿ ಹಗಲಿಗೆ 55 ಡೆಸಿಬಲ್ ಮಿತಿ. ಹಾಗಾಗಿ ನಾಲ್ಕು ದೊಡ್ಡದರ ಬದಲು ಆರು ಚಿಕ್ಕದನ್ನು ಕುರ್ಚಿಗಳ ಹತ್ತಿರವೇ ಹಾಕಿ ಸಣ್ಣಕ್ಕೆ ಇಡಿ. ಅತಿಥಿಗಳಿಗೆ ಕೇಳುತ್ತದೆ, ಪಕ್ಕದ ಮನೆಯವರಿಗೆ ಕೇಳುವುದಿಲ್ಲ.